ಶಿವಗಂಗಮ್ಮನವರ ಹದಿನೇಳು ಪಾಠಗಳು

ಕೆಂಡಲ್ ಪಾರ್ಕಿನ ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳು ನಪಾಸಾಗುವುದಿಲ್ಲ, ಕಾಣೆಯಾಗುತ್ತಾರೆ. ಅಪ್ಪನ ಪ್ರಾಜೆಕ್ಟ್ ಮುಗಿಯುತ್ತದೆ, ಅಪಾರ್ಟ್‌ಮೆಂಟಿನ ಲೀಸ್ ಮುಗಿಯುತ್ತದೆ, ಮುಂದಿನ ಭಾನುವಾರ ಒಂದು ಕುರ್ಚಿ ಖಾಲಿ. ಕಾಗುಣಿತ ಮುಗಿಸಿದ ಮಗು ಒತ್ತಕ್ಷರದ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಶಿವಗಂಗಮ್ಮ ಆರು ವರ್ಷದಿಂದ ಇದನ್ನು ನೋಡುತ್ತಿದ್ದರು. ನಂಜನಗೂಡಿನ ಶಾಲೆಯಲ್ಲಿ ಹದಿನೆಂಟು ವರ್ಷ ಪಾಠ ಹೇಳಿ, ಇಂಜಿನಿಯರ್ ಗಂಡ ನಂಜುಂಡಸ್ವಾಮಿಯವರ ಜೊತೆ ನ್ಯೂಜೆರ್ಸಿಯ ಈ ಊರಿಗೆ ಬಂದವರು ಅವರು. ೨೦೦೬ರ ಆಗಸ್ಟಿನಲ್ಲಿ ಶ್ರಿಯಾಳ ಸರದಿ ಬಂತು.

ಎಂಟು ವರ್ಷದ ಶ್ರಿಯಾ ಆ ತರಗತಿಯ ಬೆಳಕು. ಒಂದು ದಿನ ಇಂಡಿಯನ್ ಅಂಗಡಿಯಲ್ಲಿ ಊರಿನ ಪೊಟ್ಟಣವೊಂದನ್ನು ಎತ್ತಿ ಹಿಡಿದು, ಯಾರೂ ಹೇಳದೆ, "ರಾ... ಗಿ! ರಾಗಿ!" ಎಂದು ಕೂಗಿದ್ದಳು. ಮುಂದಿನ ಪದಕ್ಕೆ ತಡವರಿಸಿದಳು. "ಹಿ..." ಅಲ್ಲಿಗೆ ನಿಂತಳು.

"ಅದು ಹಿಟ್ಟು. ಒತ್ತಕ್ಷರ ಕಣೆ ಪುಟ್ಟಿ. ಬರುವ ತಿಂಗಳು ಹೇಳಿಕೊಡ್ತೀನಿ. ಆ ಪೊಟ್ಟಣ ನೀನು ಪೂರ್ತಿ ಓದಬೇಕು," ಎಂದಿದ್ದರು ಶಿವಗಂಗಮ್ಮ.

ಬರುವ ತಿಂಗಳೊಳಗೆ ಅವಳ ಅಪ್ಪ ಮಂಜೇಶನಿಗೆ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಹೊಸ ಕಾಂಟ್ರ್ಯಾಕ್ಟ್ ಸಿಕ್ಕಿತು. ಮನೆ ಬೆಲ್‌ರೋಸ್‌ಗೆ ಹೋಗುವುದೆಂದಾಯಿತು.

"ಭಾನುವಾರ ಎರಡು ಬ್ರಿಡ್ಜ್ ದಾಟಿ ಡ್ರೈವ್ ಮಾಡ್ಕೊಂಡು ಬರೋಕಾಗಲ್ಲ ಮೇಡಂ," ಎಂದ ಮಂಜೇಶ್, ನೆಲ ನೋಡುತ್ತಾ.

ಆ ಸಂಜೆ ಪಕ್ಕದ ಮನೆಯ ಬಿಂದುಶ್ರೀ ಮೊಸರಿಗೆ ಹೆಪ್ಪು ಕೇಳಲು ಬಂದಳು. ಪ್ರೋಗ್ರಾಮರ್ ಹುಡುಗಿ. ವಿಷಯ ಕೇಳಿ, "ಅಷ್ಟೇ ತಾನೆ? ಬ್ಲಾಗ್ ಮಾಡಿ ಆಂಟಿ," ಎಂದಳು.

"ಬ್ಲಾಗಾ? ಕೆಲಸ ಇಲ್ದೋರು ತಿಂದಿದ್ದು ಉಂಡಿದ್ದೆಲ್ಲ ಬರ್ಕೋತಾರಲ್ಲ, ಅದಾ?"

"ನೀವು ಪಾಠ ಬರೀರಿ, ಯಾರು ಬೇಡ ಅಂತಾರೆ? ಶ್ರಿಯಾ ಅಲ್ಲಿಂದ ಓದ್ತಾಳೆ."

"ಪಾಠ ಅಂದ್ರೆ ಮುಖ ನೋಡಿ ಹೇಳೋದಮ್ಮ."

"ಮುಖ ಬೆಲ್‌ರೋಸ್‌ಗೆ ಹೊರಟಿದೆಯಲ್ಲ ಆಂಟಿ!"

ಶಿವಗಂಗಮ್ಮ ಐವತ್ತಮೂರನೇ ವಯಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತರು. ಮೌಸನ್ನು ಕಾದ ಬಾಣಲೆಯ ಹಾಗೆ ಹಿಡಿದರು. ಒಂದು ವಾರದಲ್ಲಿ ಬ್ಲಾಗ್ ತೆರೆಯಿತು. ಗಂಡ ಊರಿನಿಂದ ತಂದಿದ್ದ ಸಿ.ಡಿ.ಯೊಳಗಿನ ಕನ್ನಡ ಅಕ್ಷರದಲ್ಲಿ ಮೊದಲ ಪಾಠ ಬರೆದರು. ಹಿಟ್ಟು, ಬೆಟ್ಟ, ಬುಟ್ಟಿ. ಯಾರಿಗಾಗಿ ಎಂದು ಹೇಳಬೇಕಿಲ್ಲ.

ಬಿಂದುಶ್ರೀ ನೋಡಿ ತಲೆಯಾಡಿಸಿದಳು. "ಈ ಸಿ.ಡಿ. ಅಕ್ಷರ ಬೇಡ ಆಂಟಿ. ಅದು ಯಾರ ಕಂಪ್ಯೂಟರಲ್ಲಿ ಹಾಕ್ಕೊಂಡಿದಾರೋ ಅವರಿಗೆ ಮಾತ್ರ ಕಾಣತ್ತೆ. ಯೂನಿಕೋಡ್ ಅಂತ ಇದೆ, ಅದರಲ್ಲಿ ಬರೀರಿ. ಆಮೇಲೆ ನಮ್ಮನೇಗೆ ಬಂದು ನಮ್ಮ ಕಂಪ್ಯೂಟರಲ್ಲಿ ಒಂದ್ಸಲ ನೋಡಿ."

"ನಿನ್ನ ಯೂನಿಕೋಡ್ ನೋಡ್ದೆ. ಒತ್ತಕ್ಷರ ಕಾಲು ಮುರ್ಕೊಂಡು ನಿಂತಿರತ್ತೆ. ನನಗೆ ಇದು ಮುತ್ತಿನ ಹಾಗೆ ಕಾಣ್ತಿದೆಯಲ್ಲ, ಸಾಕು ಬಿಡು."

ಅಕ್ಷರ ಅವರಿಗೆ ಕಾಣುತ್ತಿತ್ತು. ತಪ್ಪಾಗಿದ್ದು ಅಲ್ಲೇ.

ಸೆಪ್ಟೆಂಬರಿನಿಂದ ಪ್ರತಿ ಭಾನುವಾರ ಒಂದು ಪಾಠ. ಹಾಕಿದೊಡನೆ ಎಲ್ಲ ತಂದೆ ತಾಯಿಯರಿಗೂ ಇಮೇಲ್. ಪಾಠದ ಕೆಳಗೆ ಕಮೆಂಟುಗಳು ಬಂದವು. "ಸೂಪರ್ ಮೇಡಂ!" "ಗ್ರೇಟ್ ಜಾಬ್!" "ಹ್ಯಾಟ್ಸ್ ಆಫ್!" ಶ್ರಿಯಾಳ ಅಮ್ಮ ರಾಜಿ ಒಂದು ವಾರವೂ ತಪ್ಪಿಸಲಿಲ್ಲ. ನಂಜುಂಡಸ್ವಾಮಿ ಅವನ್ನೆಲ್ಲ ಪ್ರಿಂಟ್ ಮಾಡಿ ಫ್ರಿಜ್ಜಿಗೆ ಅಂಟಿಸಿದರು. ಶಿವಗಂಗಮ್ಮ ಹಾಲು ತೆಗೆಯುವಾಗಲೆಲ್ಲ ಒಮ್ಮೆ ಓದಿಕೊಳ್ಳುತ್ತಿದ್ದರು.

ಕ್ರಿಸ್ಮಸ್ ರಜೆಯಲ್ಲಿ ಗಂಡ ಹೆಂಡತಿ ಬೆಲ್‌ರೋಸ್‌ಗೆ ಹೋದರು. ಹಿಲ್‌ಸೈಡ್ ಅವೆನ್ಯೂನ ಇಂಡಿಯನ್ ಅಂಗಡಿಯಲ್ಲಿ ಮೈಸೂರುಪಾಕು ಕಟ್ಟಿಸಿಕೊಂಡರು. ಮಂಜೇಶನ ಮನೆಯಲ್ಲಿ ಕಾಫಿ ಆಯಿತು. ಶಿವಗಂಗಮ್ಮನಿಗೆ ತಡೆಯಲಾಗಲಿಲ್ಲ.

"ಬಾ ಪುಟ್ಟಿ, ಹದಿನೇಳನೇ ಪಾಠ ಓದು, ಕೇಳೋಣ."

ಶ್ರಿಯಾ ಅಮ್ಮನ ಮುಖ ನೋಡಿದಳು. ಆಮೇಲೆ ಬ್ಲಾಗ್ ತೆರೆದಳು. ಪರದೆಯ ಮೇಲೆ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕಿ, ಟೋಪಿ, ಕೊಕ್ಕೆ. ಸಾಲಿಗೆ ಸಾಲು ಹುಚ್ಚು ಹಿಡಿದ ಹಾಗೆ.

"ಇದೇನಿದು?"

"ಇಟ್ಸ್ ಆಲ್ವೇಸ್ ಲೈಕ್ ದಿಸ್, ಆಂಟಿ."

"ಮೊದಲ್ನೇ ಪಾಠದಿಂದಾನಾ?"

"ಯಾ."

ರಾಜಿಯ ಮುಖ ಕೆಂಪಾಯಿತು. "ನಮ್ಮ ಕಂಪ್ಯೂಟರೇ ಸರಿ ಇಲ್ಲ ಅಂದ್ಕೊಂಡೆ ಮೇಡಂ."

"ಆಫೀಸಲ್ಲಿ ನೋಡಿದ್ಯಾ?"

"ಅಲ್ಲೂ ಹೀಗೇ ಇತ್ತು. ಅದೂ ಸರಿ ಇಲ್ಲ ಅಂದ್ಕೊಂಡೆ."

"ಮತ್ತೆ ಹದಿನೇಳು ಸಲ ಸೂಪರ್ ಅಂತ ಬರೆದಿದ್ಯಲ್ಲಮ್ಮ?"

"ಪಾಪ, ನೀವು ಅಷ್ಟು ಕಷ್ಟಪಟ್ಟಿದೀರಲ್ಲ ಅಂತ..."

ಶಿವಗಂಗಮ್ಮ ಮಂಜೇಶನ ಕಡೆ ತಿರುಗಿದರು. "ಆಫೀಸಲ್ಲಿ ನಿನ್ನ ಕೆಲಸ ಏನಪ್ಪ?"

"ಟೆಸ್ಟಿಂಗ್ ಮೇಡಂ."

"ಅಂದ್ರೆ?"

"ತಪ್ಪು ಹುಡುಕೋದು," ಎಂದ. ಹೇಳುತ್ತಿದ್ದಂತೆ ಅವನ ಧ್ವನಿ ಸಣ್ಣದಾಯಿತು. "ಟೀಚರಿಗೆ ತಪ್ಪು ಅಂತ ಹೆಂಗೆ ಹೇಳೋದು ಅಂತ ಸುಮ್ನಾದೆ."

ಪರದೆಯ ಮೇಲಿನ ಬಟನ್ ಒಂದು ಕೂದಲೆಳೆಯಷ್ಟು ಪಕ್ಕಕ್ಕಿದ್ದರೂ ಇವನು ಕ್ಲೈಂಟಿಗೆ ಎರಡು ಪುಟ ಬರೆಯುತ್ತಾನೆ. ಆ ಇಮೇಲ್ ಪಟ್ಟಿಯಲ್ಲಿ ಅವನಂಥವರು ಹನ್ನೊಂದು ಜನ ಇದ್ದರು. ಹನ್ನೊಂದು ಜನಕ್ಕೂ ಮರ್ಯಾದೆ ಜಾಸ್ತಿ.

ಅಡುಗೆಮನೆಯ ಕಪಾಟಿನಲ್ಲಿ ಅದೇ ರಾಗಿಹಿಟ್ಟಿನ ಪೊಟ್ಟಣ ಕಂಡಿತು. ಶಿವಗಂಗಮ್ಮ ಅದನ್ನು ತೆಗೆದು ಶ್ರಿಯಾಳ ಕೈಗಿಟ್ಟರು. ಹುಡುಗಿ ಅದನ್ನು ಹಿಂದುಮುಂದು ಮಾಡಿ, ಇಂಗ್ಲಿಷ್ ಇದ್ದ ಬದಿಗೆ ತಿರುಗಿಸಿ ಥಟ್ಟನೆ ಓದಿದಳು.

"ಈ ಕಡೆ, ಕಂದ."

ತುಂಬ ಹೊತ್ತು ನೋಡಿದಳು. ಬೆರಳು ಮೊದಲ ಅಕ್ಷರದ ಮೇಲೇ ನಿಂತಿತ್ತು. "ಐ ಫರ್ಗಾಟ್, ಆಂಟಿ. ಸಾರಿ."

ಮನೆಗೆ ಬಂದ ಕೂಡಲೇ ಶಿವಗಂಗಮ್ಮ ಫ್ರಿಜ್ಜಿನ ಮೇಲಿದ್ದ ಕಾಗದಗಳನ್ನೆಲ್ಲ ಕಿತ್ತರು. ಮರುದಿನ ಬಿಂದುಶ್ರೀಯ ಬಾಗಿಲು ತಟ್ಟಿದರು. "ನೀನಾದ್ರೂ ನೋಡಿದ್ಯೇನೆ?"

ಬಿಂದುಶ್ರೀ ತಲೆ ತಗ್ಗಿಸಿದಳು. "ವೀಕೆಂಡ್ ನೋಡೋಣ, ವೀಕೆಂಡ್ ನೋಡೋಣ ಅಂತ... ನಾನೂ ನೋಡ್ಲಿಲ್ಲ ಆಂಟಿ."

"ನೀನು ಹೇಳಿದಾಗ ನಾನೂ ಕೇಳ್ಲಿಲ್ಲ. ಇಬ್ಬರಿಗೂ ಸರಿಹೋಯ್ತು. ಈಗ ಕಲಿಸು."

ಈ ಸಲ ಮೊದಲಿನಿಂದ ಕಲಿತರು. ಹದಿನೇಳು ಪಾಠಗಳನ್ನೂ ಯೂನಿಕೋಡಿನಲ್ಲಿ ಮತ್ತೆ ಬರೆದರು; ಕಾಲು ಮುರಿದ ಒತ್ತಕ್ಷರ ಮುತ್ತಿನಂತಿರದಿದ್ದರೂ ಎಲ್ಲರಿಗೂ ಕಾಣುತ್ತಿತ್ತು. ಹಳೆಯ ಕಂಪ್ಯೂಟರುಗಳಲ್ಲಿ ಕನ್ನಡ ತೋರಿಸಲು ಏನು ಒತ್ತಬೇಕೆಂದು ಒಂದು ಹಾಳೆ ಮಾಡಿ ಮನೆಮನೆಗೆ ಕೊಟ್ಟರು. ಪ್ರತಿ ಪಾಠವನ್ನೂ ಬಿಂದುಶ್ರೀಯ ಮನೆಯಲ್ಲಿ ಒಮ್ಮೆ, ಲೈಬ್ರರಿಯಲ್ಲಿ ಒಮ್ಮೆ ತೆರೆದು ನೋಡಿದ ಮೇಲೆಯೇ ಇಮೇಲ್ ಕಳಿಸಿದರು. ಚಿಕ್ಕ ಮೈಕು ಕೊಂಡು ತಮ್ಮ ದನಿಯಲ್ಲೇ ಪಾಠ ಓದಿ ಸೇರಿಸಿದರು. ಮಕ್ಕಳ ಪೂರ್ತಿ ಹೆಸರಾಗಲಿ ಫೋಟೋ ಆಗಲಿ ಹಾಕಲಿಲ್ಲ. ಕೆಳಗೆ ಒಂದು ಹೊಸ ನಿಯಮ ಬರೆದರು: "ದೊಡ್ಡವರ ಸೂಪರ್ ಬೇಡ. ಮಗು ಒಂದು ಸಾಲು ಕನ್ನಡ ಬರೆಯಲಿ."

ಮಂಜೇಶ್ ತನ್ನ ಮನೆಯ ಕಂಪ್ಯೂಟರ್ ಸರಿಮಾಡಿದ. ಮೂರನೇ ವಾರ ಅವನಿಂದ ಪತ್ರ ಬಂತು: "ಮೇಡಂ, ಐದನೇ ಪಾಠದಲ್ಲಿ ನಿಮ್ಮ ದನಿ ಅರ್ಧಕ್ಕೇ ನಿಲ್ಲತ್ತೆ. ತಪ್ಪು ತಿಳ್ಕೋಬೇಡಿ." ಶಿವಗಂಗಮ್ಮ ಅದನ್ನು ಮಾತ್ರ ಫ್ರಿಜ್ಜಿಗೆ ಅಂಟಿಸಿದರು.

ಕೆಂಡಲ್ ಪಾರ್ಕಿನ ಏಳು ಮಕ್ಕಳು ಈಗ ಹಿಮ ಬಿದ್ದು ತರಗತಿ ರದ್ದಾದ ಭಾನುವಾರವೂ ಮನೆಯಲ್ಲೇ ಪಾಠ ಓದಿ ಒಂದು ಸಾಲು ಬರೆಯುತ್ತಾರೆ. ಹಿಂದೆ ತರಗತಿ ಬಿಟ್ಟು ಡಲ್ಲಾಸಿಗೆ ಹೋದ ಹುಡುಗ ವಿಕ್ರಾಂತ್ ಅಲ್ಲಿಂದಲೇ ಬರೆಯುತ್ತಾನೆ. ಬೆಲ್‌ರೋಸಿನ ಆ ಮನೆಯಲ್ಲೂ ಅಪ್ಪ ಒಪ್ಪಿದ, ಅಮ್ಮ ಒಪ್ಪಿದಳು. ಶ್ರಿಯಾ ಒಪ್ಪಲಿಲ್ಲ. ಭಾನುವಾರ ಅವಳಿಗೆ ಈಗ ಈಜಿನ ತರಬೇತಿ. ಮಾರ್ಚಿನಲ್ಲಿ ಮೊದಲ ಪಾಠದ ಕೆಳಗೆ ಅವಳ ಹೆಸರಿನಲ್ಲಿ ಒಂದು ಸಾಲು ಬಂತು. ಶಿವಗಂಗಮ್ಮ ಕನ್ನಡಕ ಹುಡುಕಿ, ಹಾಕಿಕೊಂಡು ಓದಿದರು. ಒಂದೂ ತಪ್ಪಿಲ್ಲದ, ದೊಡ್ಡವರ ವಾಕ್ಯ. ರಾಜಿ ಬರೆದುಕೊಟ್ಟದ್ದು.

ಅವರು ಅದನ್ನು ಅಳಿಸಲಿಲ್ಲ. ಉತ್ತರವನ್ನೂ ಬರೆಯಲಿಲ್ಲ.

ಓದುವ ನೀವು ಪಾಠ ಹೇಳುವವರಾದರೆ, ಬ್ಲಾಗ್ ಕಲಿಯಿರಿ, ವಯಸ್ಸಾಯಿತು ಎನ್ನಬೇಡಿ. ಎಲ್ಲರಿಗೂ ಕಾಣುವ ಅಕ್ಷರದಲ್ಲಿ ಬರೆಯಿರಿ. ಬರೆದದ್ದನ್ನು ಇನ್ನೊಬ್ಬರ ಮನೆಯ ಕಂಪ್ಯೂಟರಿನಲ್ಲಿ ನೋಡದೆ ಪಾಠ ಮುಗಿಯಿತು ಎಂದುಕೊಳ್ಳಬೇಡಿ. ನೀವು ತಂದೆ ತಾಯಿಯಾದರೆ, ತೆರೆದು ಓದದ ಪಾಠವನ್ನು ಹೊಗಳಬೇಡಿ. ಕಾಣಿಸದಿದ್ದರೆ "ಕಾಣ್ತಿಲ್ಲ ಮೇಡಂ" ಎಂದು ಇವತ್ತೇ ಬರೆಯಿರಿ. ಟೀಚರ್ ಬೇಜಾರು ಮಾಡಿಕೊಂಡರೆ ಒಂದು ದಿನ ಮಾಡಿಕೊಂಡಾರು. ಮಗು ಹದಿನೇಳು ವಾರ ಕಾಯುವುದಿಲ್ಲ.