ಸೊಸೆ ನಿಲ್ಲಿಸಿದ ನೀರು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ, ಸುಳ್ಳಲ್ಲ. ನನ್ನ ಸೊಸೆಗೆ ಅದೇ ಜಾಗದಲ್ಲಿ ಬುದ್ಧಿಯಿದೆ. ಹಾಲು ಕೆಡುವ ಮೊದಲೇ ಅವಳಿಗೆ ಗೊತ್ತಾಗುತ್ತದೆ. ಊರಿನ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕದಲ್ಲಿ ಅವಳು ಮೇಲ್ವಿಚಾರಕಿ.

ಎರಡು ವರ್ಷ ಮಳೆ ಕೈಕೊಟ್ಟು ಕೆರೆಯ ತಳ ಕಂಡಿತ್ತು. ಕೊನೆಗೆ ಆ ಶುದ್ಧ ಮಾಡಿದ ನೀರನ್ನೇ ಕುಡಿಯಲು ಬಿಡುವುದೆಂದು ತೀರ್ಮಾನವಾಯಿತು. ಊರು ಮೂಗು ಮುರಿಯಿತು. ಎದುರುಮನೆಯ ನಿವೃತ್ತ ಮೇಷ್ಟ್ರು ಸತ್ತರೂ ಆ ನೀರು ಮುಟ್ಟುವುದಿಲ್ಲವೆಂದು ಬೀದಿಗೆಲ್ಲ ಸಾರಿದರು. ಜನ ಕುಡಿಯದಿದ್ದರೆ ಘಟಕವನ್ನೇ ಮುಚ್ಚುತ್ತಾರೆ, ಸೊಸೆಯ ಆರು ವರ್ಷದ ದುಡಿಮೆ ಮಣ್ಣುಪಾಲು. ಅದು ಗೊತ್ತಿದ್ದೂ, ಅವಳು ಬಾಟಲಿಯಲ್ಲಿ ತಂದುಕೊಟ್ಟ ನೀರನ್ನು ನಾನು ಅವಳ ಬೆನ್ನ ಹಿಂದೆ ಹೂವಿನ ಕುಂಡಕ್ಕೆ ಸುರಿದಿದ್ದೆ.

ಉದ್ಘಾಟನೆಯ ಬೆಳಿಗ್ಗೆ ಊರವರೆಲ್ಲ ಘಟಕದ ಅಂಗಳದಲ್ಲಿ ಸೇರಿದ್ದೆವು. ಮೇಜಿನ ಮೇಲೆ ಸಾಲಾಗಿ ಗಾಜಿನ ಲೋಟಗಳು. ಸೊಸೆ ಮೊದಲ ಲೋಟ ತುಂಬಿಸಿ ಮೂಸಿದಳು, ಹುಬ್ಬು ಗಂಟಿಕ್ಕಿದಳು. ಲೋಟ ಕೆಳಗಿಟ್ಟು ಸೀದಾ ಹೋಗಿ ದೊಡ್ಡ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದಳು.

ಅವಳ ಮೇಲಧಿಕಾರಿಯ ಮುಖ ಕಪ್ಪಿಟ್ಟಿತು. ಮೀಟರುಗಳೆಲ್ಲ ಸರಿಯಾಗಿಯೇ ತೋರಿಸುತ್ತಿವೆ, ಇಷ್ಟು ಜನರೆದುರು ಮಾನ ಕಳೆಯಬೇಡ ಎಂದು ಹಲ್ಲು ಕಚ್ಚಿಕೊಂಡೇ ಹೇಳಿದ.

"ಮೀಟರ್ ಏನಾದ್ರೂ ತೋರಿಸ್ಲಿ ಸಾರ್, ನನಗೆ ವಾಸನೆ ಬರ್ತಿದೆ. ಪರೀಕ್ಷೆ ಆಗೋ ತನಕ ಒಂದು ಹನಿನೂ ಆಚೆ ಹೋಗಲ್ಲ. ಕೆಲಸದಿಂದ ತೆಗೀತೀರಾ, ತೆಗೀರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಿರುಗಿ ನೋಡಿದೆ, ನಗು ಅಲ್ಲೇ ನಿಂತಿತು. ಆ ಕ್ಷಣ ನನಗೆ ಅವಳ ಮೇಲೆ ಹುಟ್ಟಿದ ಹೆಮ್ಮೆ ನನ್ನ ಮಗನ ಮೇಲೂ ಎಂದೂ ಹುಟ್ಟಿದ್ದಿಲ್ಲ.

ಮೂರನೇ ದಿನ ವರದಿ ಬಂತು. ಕೊನೆಯ ಫಿಲ್ಟರಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತಂತೆ, ಮೀಟರಿಗೆ ಅದು ಗೊತ್ತೇ ಆಗಿರಲಿಲ್ಲವಂತೆ. ಫಿಲ್ಟರ್ ಬದಲಾಯಿತು, ಮತ್ತೆ ಪರೀಕ್ಷೆಯೂ ಆಯಿತು. ಮೇಲಧಿಕಾರಿ ಮನೆಗೇ ಬಂದು ಅವಳ ಕ್ಷಮೆ ಕೇಳಿದ.

ಮರುವಾರ ಸದ್ದುಗದ್ದಲವಿಲ್ಲದೆ ನಮ್ಮ ಬೀದಿಯ ನಲ್ಲಿಗೆ ನೀರು ಬಂತು. ಮೊದಲು ಚೊಂಬು ಹಿಡಿದವರು ಎದುರುಮನೆಯ ಮೇಷ್ಟ್ರೇ. ಸತ್ತರೂ ಮುಟ್ಟುವುದಿಲ್ಲ ಅಂದಿದ್ದಿರಲ್ಲ ಎಂದು ನಾನು ಸುಮ್ಮನಿರಲಾರದೆ ಕೆಣಕಿದೆ.

"ಚೆನ್ನಾಗಿದೆ ಅಂತ ಯಾರು ಬೇಕಾದ್ರೂ ಹೇಳ್ತಾರಮ್ಮ," ಎಂದರು ಮೇಷ್ಟ್ರು. "ಚೆನ್ನಾಗಿಲ್ಲ ಅಂತ ಹೇಳೋಳು ಅಲ್ಲಿದ್ದಾಳಲ್ಲ, ಅದಕ್ಕೆ ಕುಡೀತೀನಿ."

ಅವರ ಕೈಯಿಂದ ಚೊಂಬು ಕಸಿದುಕೊಂಡು ಮೊದಲು ನಾನೇ ಗಟಗಟ ಕುಡಿದೆ. ನನ್ನ ಸೊಸೆಯ ನೀರು, ನನ್ನ ಪಾಳಿ ಮೊದಲು.

ಕೆಲಸಕ್ಕೆ ಹೊರಟಿದ್ದ ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅತ್ತೆ, ಹೂವಿನ ಕುಂಡಕ್ಕೂ ಸ್ವಲ್ಪ ಉಳಿಸಿ. ಅದಕ್ಕೆ ಅಭ್ಯಾಸ ಆಗಿದೆ," ಎಂದಳು.