ವಾಯವ್ಯದ ಕೋಣೆ

ಮಾನ್ವಿಯ ನಮ್ಮ ಮನೆಯಲ್ಲಿ ಹಾಸಿಗೆಗಳಿಗೂ ಕಾಲವಿತ್ತು. ಯುಗಾದಿ ಬಂತೆಂದರೆ ಅವ್ವ ಮಣ್ಣಿನ ಮಾಳಿಗೆ ಹತ್ತಿ, ಬೆಳಕಿಂಡಿ ಮುಚ್ಚಿದ ಬಂಡೆಯನ್ನು ಸರಿಸುತ್ತಿದ್ದಳು, ಒಳಗಿನ ಝಳ ಹೊರಗೆ ಹೋಗಲಿ ಅಂತ. ಒಲೆ ಅಂಗಳಕ್ಕೆ ಹೋಗುತ್ತಿತ್ತು, ಹಾಸಿಗೆ ಗಾಳಿ ಬರುವ ಕಡೆಗೆ. ಮೃಗಶಿರ ಮಳೆ ಹುಟ್ಟುವ ಮೊದಲು ಮಾಳಿಗೆ ಸೋರದಂತೆ ಕರಲು ಮಣ್ಣು ಹಾಕಿಸಿ, ಬಂಡೆ ಮುಚ್ಚಿ, ಎಲ್ಲರನ್ನೂ ಒಳಗೆ ಎಳೆದುಕೊಳ್ಳುತ್ತಿದ್ದಳು. ದೀಪಾವಳಿಗೆ ಮತ್ತೊಂದು ಬದಲಾವಣೆ. ಯಾರು ಎಲ್ಲಿ ಮಲಗಬೇಕೆಂದು ಹೇಳುವವಳು ನಮ್ಮವ್ವ ಮುದುಕಮ್ಮ ಒಬ್ಬಳೇ. ಅದಕ್ಕೆ ಎದುರು ಮಾತಿರಲಿಲ್ಲ.

ನನ್ನನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಅವಳಿಗೆ ನೀರು ಕಾಯಿಸಿ ಕೊಡು ಅಂದ ದಿನ ನಾನು ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದೆ. ಎಮರ್ಜೆನ್ಸಿ ಮುಗಿದ ವರ್ಷ ಅದು. ಊರಿನವರಿಗೆಲ್ಲ ಬಿಡುಗಡೆ, ನನಗೂ ಬಿಡುಗಡೆ ಅಂದುಕೊಂಡಿದ್ದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನುವುದು ತವರಿನ ಹೊಸ್ತಿಲು ದಾಟಿದ ಮೇಲೆ ಗೊತ್ತಾಯಿತು.

ಅವ್ವ ಮಾತ್ರ ಏನೂ ಕೇಳಲಿಲ್ಲ. ನೈರುತ್ಯ ಮೂಲೆಯ ದಪ್ಪ ಗೋಡೆಯ ಕೋಣೆಯಲ್ಲಿ ತನ್ನ ಮಗ್ಗುಲಿಗೇ ನನಗೊಂದು ಕೌದಿ ಹಾಸಿದಳು. ಅಣ್ಣ ಯಂಕೋಬ ಕೇಳಲಿಲ್ಲ, ಆದರೆ ಬಾಯಿ ಬಿಡದೆಯೂ ಕೇಳಬಹುದಲ್ಲ! ಉಣ್ಣುವಾಗ ನನ್ನ ತಾಟಿನ ಕಡೆ ನೋಡುತ್ತಿದ್ದ. ಅತ್ತಿಗೆ ಬೂದೆಮ್ಮ ರೊಟ್ಟಿ ಬಡಿಯುವ ಸಪ್ಪಳದಲ್ಲೇ ನನಗೆ ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದಳು.

ಅಣ್ಣ ರಾಯಚೂರಿನ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ಮಿಲ್ಲಿನ ಸಾವುಕಾರ ಯಾರದೋ ಮಾತು ಕೇಳಿ ಗೇಟನ್ನು ದಕ್ಷಿಣದಿಂದ ಪೂರ್ವಕ್ಕೆ ತಿರುಗಿಸಿದ, ಆ ವರ್ಷ ಹತ್ತಿ ಬೆಲೆ ಏರಿತು. ಅಷ್ಟೇ ಸಾಕಾಯಿತು, ನಮ್ಮಣ್ಣನಿಗೆ ವಾಸ್ತುವಿನ ಹುಚ್ಚು ಹಿಡಿಯಿತು. ಒಂದು ಭಾನುವಾರ ರಾಯಚೂರಿನಿಂದ ಆಚಾರಿಯೊಬ್ಬರನ್ನು ಕರೆತಂದ. ಅವರು ದಿಕ್ಸೂಚಿ ಹಿಡಿದು ಮನೆಯೆಲ್ಲ ಸುತ್ತಿ, ಅವ್ವನ ಪದ್ಧತಿ ಕೇಳಿ ತಲೆದೂಗಿದರು.

"ಋತು ನೋಡಿ ಮನಿ ನಡಸೋದ ವಾಸ್ತು ನೋಡ್ರಿ ತಾಯಿ. ನಿಮಗ ಗೊತ್ತಿಲ್ದನ ಮಾಡೀರಿ."

ಅವ್ವ ಉಬ್ಬಿಹೋದಳು. ಮಗ ತನ್ನ ಮಾತಿಗೆ ಶಾಸ್ತ್ರದ ಮುದ್ರೆ ಒತ್ತಿಸಿದ ಅಂತ ಅವಳಿಗೆ ಅನಿಸಿರಬೇಕು. ಆಮೇಲೆ ಅಣ್ಣ ಆಚಾರಿಯವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದ.

ಮರುವಾರ ಗಾರೆ ಕೆಲಸದ ಜಿಲಾನಿ ಪಾಷಾ ಬಂದ. ಮನೆಯ ವಾಯವ್ಯ ಮೂಲೆಯಲ್ಲಿ ಕರು ಕಟ್ಟುವ ಕತ್ತಲ ಕೋಣೆಯೊಂದಿತ್ತು. ಅದರ ಪಡುವಣ ಗೋಡೆ ಒಡೆದು ದೊಡ್ಡ ಕಿಟಕಿ ಇಟ್ಟ, ಬಾಗಿಲು ಕೂಡಿಸಿದ, ಸುಣ್ಣ ಬಳಿದ. ಅಣ್ಣ ನನ್ನ ಟ್ರಂಕನ್ನು ತಾನೇ ಹೊತ್ತು ತಂದು ಅಲ್ಲಿಟ್ಟ.

"ಇನ್ನ ಮ್ಯಾಲ ಇದು ನಿನ್ನ ಖೋಲಿ, ಗೋಪವ್ವ. ಬ್ಯಾಸಿಗಿ ಅದ, ಗಾಳಿ ಚಲೋ ಬರ್ತದ."

ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಗಂಡನ ಮನೆಯಲ್ಲಿ ನನಗೆ ಚಿಲಕವಿರುವ ಬಾಗಿಲೇ ಇರಲಿಲ್ಲ. ಕೋಣೆಗೆ ಸೆಗಣಿ ಸಾರಿಸಿದೆ, ಕಿಟಕಿಗೆ ಹಳೇ ಸೀರೆ ಕಟ್ಟಿದೆ. ಅಣ್ಣ ಮಾತು ಕಡಿಮೆ, ಮನಸ್ಸು ಹೂವು ಅಂತ ಮಾರೆಮ್ಮನ ಗುಡಿಯಲ್ಲಿ ನಾಲ್ಕು ಜನರ ಮುಂದೆ ಹೊಗಳಿದೆ. ನನ್ನಂಥ ಪೆದ್ದಿ ಮಾನ್ವಿ ತಾಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ.

ಬೇಸಿಗೆ ಕಳೆಯಿತು. ಮೃಗಶಿರ ಹತ್ತಿರ ಬಂದಾಗ ಅವ್ವ ಹಾಸಿಗೆ ಬದಲಿಸಲು ನಿಂತಳು. ನನ್ನ ಕೌದಿಯನ್ನು ನೈರುತ್ಯಕ್ಕೆ ಒಯ್ದಳು, ತನ್ನದನ್ನು ವಾಯವ್ಯಕ್ಕೆ ತಂದಳು. ನಾನು ಅಡ್ಡ ನಿಂತೆ. ಪಡುವಣ ಗಾಳಿ ಮಳೆಯನ್ನು ಸೀದಾ ಆ ಕಿಟಕಿಗೇ ಹೊಡೆಯುತ್ತದೆ, ಮುದುಕಿಗೆ ಅದ್ಯಾಕೆ ಬೇಕು?

"ಕೂಡು ಹೇಳ್ತೀನಿ," ಅಂದಳು ಅವ್ವ. "ಮಾರೋ ದನ, ಮಾರೋ ಕಾಳು, ಮದುವಿ ಆಗಬೇಕಾದ ಹುಡುಗಿ, ಇವನ್ನ ವಾಯವ್ಯದಾಗ ಇಡ್ತಾರಂತ. ಅಲ್ಲಿ ಇಟ್ಟದ್ದು ಮನ್ಯಾಗ ನಿಂದರಂಗಿಲ್ಲಂತ. ನಿನ್ನ ಲಗೂನ ಗಂಡನ ಮನಿಗೆ ಕಳಸಾಕ ಏನ ಮಾಡಬೇಕಂತ ನಿಮ್ಮಣ್ಣ ಆಚಾರಿನ್ನ ಕೇಳ್ಯಾನ. ಬೂದೆಮ್ಮ ನಿನ್ನೆ ತಾನ ಬಾಯಿ ಬಿಟ್ಟಳು."

ನನಗೆ ಅಳು ಬರಲಿಲ್ಲ, ಬೆಂಕಿಯಂಥ ಸಿಟ್ಟು ಬಂತು. ಹೋಗು ಅನ್ನಲಿಲ್ಲ, ಬೈಯಲಿಲ್ಲ, ಗೋಡೆ ಒಡೆಸಿ ಕೋಣೆ ಕಟ್ಟಿಸಿದ! ಹೊಡೆದು ಅಟ್ಟಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಈಗಲೇ ಕೇಳುತ್ತೇನೆಂದು ಎದ್ದೆ. ಅವ್ವ ಸೆರಗು ಹಿಡಿದು ಕೂಡಿಸಿದಳು.

"ನೀ ಕೇಳಬ್ಯಾಡ. ನೀ ಕೇಳಿದರ ಜಗಳ ಆಗ್ತದ, ಜಗಳ ಆದರ ನೀನ ಹೊರಗ. ಅಂವನ ಬಾಯಿಂದನ ಹೇಳಲಿ. ತಪ್ಪಾತು ಅಂತ ಅನ್ನೂತನಕ ನಾ ಇಲ್ಲಿಂದ ಏಳಂಗಿಲ್ಲ. ಹಡದೀನಿ, ಮಗನ ಕರಳು ನನಗ ಗೊತ್ತದ."

ಸಂಜೆ ರಾಯಚೂರಿನ ಬಸ್ಸಿಳಿದು ಬಂದ ಅಣ್ಣ ಅವ್ವನ ಹಾಸಿಗೆ ನೋಡಿ ಕಂಗಾಲಾದ.

"ಯವ್ವಾ, ನೀ ಇಲ್ಲಿ ಬ್ಯಾಡ. ನಿನ್ನ ಜಾಗಾ ನೈರುತ್ಯ."

"ಯಾಕ ಬ್ಯಾಡ? ಗಾಳಿ ಚಲೋ ಬರ್ತದ ಅಂದಿಯಲ್ಲ?"

"ಅದು... ಮಳಿ ಬಡೀತದ."

"ಗೋಪವ್ವಗ ಬಡಿಯಂಗಿಲ್ಲೇನು?"

ಅವನು ಅಡುಗೆಮನೆ ಕಡೆ ಹೋದ.

ಮಳೆ ಹಿಡಿಯಿತು. ನಾನು ಕಿಟಕಿಗೆ ಗೋಣಿತಟ್ಟು ಬಡಿದೆ, ಅದು ತೊಯ್ದು ಹಾಸಿಗೆಯ ಮೇಲೇ ಇಳಿಯಿತು. ಕಿಟಕಿ ಮುಚ್ಚಿಸು ಅಂದೆ. ಆಚಾರಿಯವರನ್ನು ಕೇಳದೆ ಮುಚ್ಚುವಂತಿಲ್ಲ ಅಂದ ಅಣ್ಣ. ಅವ್ವನ ಕೈ ಹಿಡಿದು ಎಳೆದೆ, ಬೇಡಿಕೊಂಡೆ, ಬೈದೆ. ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು. "ಇವತ್ತು ಹೇಳ್ತಾನ ನೋಡು," ಅನ್ನುತ್ತಿದ್ದಳು. ಅಣ್ಣ ದಿನಾ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಗುಳಿಗೆ ತರಲೇ, ಬಿಸಿನೀರು ಬೇಕೇ ಅನ್ನುತ್ತಿದ್ದ. ಆ ಒಂದು ಮಾತು ಬಿಟ್ಟು ಉಳಿದೆಲ್ಲ ಆಡುತ್ತಿದ್ದ. ಅವ್ವನಿಗೆ ಕೆಮ್ಮು ಬಂತು, ಕೆಮ್ಮಿನ ಹಿಂದೆ ಜ್ವರ ಬಂತು. ಡಾಕ್ಟರು ಎದೆಯಲ್ಲಿ ನೀರು ತುಂಬಿದೆ ಅಂದರು. ಆಷಾಢ ಮುಗಿಯುವ ಮೊದಲೇ ಅವ್ವ ಹೋದಳು, ಬಾಗಿಲ ಕಡೆ ಮುಖ ಮಾಡಿಕೊಂಡೇ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣ ಮನೆಯ ಬುಡ ಕೊರೆದರೂ ಮುದ್ದೇ.

ದಿನಕರ್ಮ ಮುಗಿದ ಮೇಲೆ ಶಾಂತಿ ಮಾಡಿಸಲು ಅದೇ ಆಚಾರಿ ಬಂದರು. ನಾನು ಚಹಾ ಹಿಡಿದು ಪಡಸಾಲೆಗೆ ಬರುವಾಗ ಅಣ್ಣ ಅವರ ಮುಂದೆ ಮೂಗು ಒರೆಸಿಕೊಳ್ಳುತ್ತ ಹೇಳುತ್ತಿದ್ದ.

"ನಿಮ್ಮ ಶಾಸ್ತ್ರ ಖರೇ ಅದರಿ. ಖೋಲಿ ತನ್ನ ಕೆಲಸಾ ಮಾಡ್ತು. ಆದರ ಹೋಗಬೇಕಾದಾಕಿ ಉಳದಳು, ಇರಬೇಕಾದಾಕಿ ಹೋದಳು."

ಅವ್ವ ಜೀವ ಹಿಡಿದು ಕಾಯುತ್ತಿದ್ದಾಗ ಬಾಯಿಗೆ ಬಾರದ ಮಾತು ಈಗ ಎಷ್ಟು ಸಲೀಸಾಗಿ ಬಂತು! ಚಹಾ ಅವರ ಮುಂದೆ ಇಟ್ಟು ಒಳಗೆ ಬಂದೆ. ದೇವದುರ್ಗಕ್ಕೆ ಮರಳಿ ಹೋಗಲಿ ಅಂತ ತಾನೇ ಇದೆಲ್ಲ? ಹೋಗುವುದಿಲ್ಲ ಅಂತ ಅವತ್ತೇ ನಿಶ್ಚಯಿಸಿದೆ. ಅವ್ವ ಜೀವ ತೆತ್ತು ಕೊಟ್ಟ ಜಾಗ ಈ ಮನೆ.

ಮರುವರ್ಷದ ಯುಗಾದಿ ಬಂತು. ಹಾಸಿಗೆ ಬದಲಿಸುವವರು ಯಾರು ಅಂತ ಪ್ರಶ್ನೆ ಬಂದಾಗ, ಮೈಗಳ್ಳಿ ಬೂದೆಮ್ಮ, "ನೀನ ಮಾಡವ್ವ, ನಿಮ್ಮವ್ವನ ಕೆಲಸ," ಅಂದಳು. ನಾನು ಮಾಳಿಗೆ ಹತ್ತಿ ಬಂಡೆ ಸರಿಸಿದೆ. ಒಲೆಯನ್ನು ಅಂಗಳಕ್ಕೆ ತಂದೆ. ಆಮೇಲೆ ಅಣ್ಣನ ಗಾದಿ ಎತ್ತಿ, ವಾಯವ್ಯದ ಕೋಣೆಯಲ್ಲಿ ಅವ್ವ ಮಲಗಿದ ಜಾಗದಲ್ಲೇ ನೀಟಾಗಿ ಹಾಸಿದೆ.

ಸಂಜೆ ಬೆವರಿಳಿಸುತ್ತ ಬಂದ ಅಣ್ಣ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟ. ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿತ್ತು.

"ಇದೇನ ಮಾಡೀದಿ?"

"ಬ್ಯಾಸಿಗಿ ಅದ. ಗಾಳಿ ಚಲೋ ಬರ್ತದ. ನೀನ ಹೇಳಿದ್ದಿ."

ಅವನ ಕಾಲು ಹೊಸ್ತಿಲು ದಾಟಲಿಲ್ಲ. ನನ್ನನ್ನು ಮಲಗಿಸಿ, ಅವ್ವನನ್ನೂ ಮಲಗಲು ಬಿಟ್ಟ ಕೋಣೆಗೆ ತಾನು ಒಂದು ಹೆಜ್ಜೆ ಇಡಲಾರ.

"ನಾ ಎಲ್ಲಿ ಮಲಗಲಿ?" ಅಂದ, ಸಣ್ಣ ದನಿಯಲ್ಲಿ.

"ಅವ್ವ ಇದ್ದಿದ್ದರ ನಿನ್ನ ಬದಲಿಗೂ ತಾನ ಇಲ್ಲಿ ಮಲಗತಿದ್ದಳು," ಅಂದೆ.