ದೋಸೆ ಹುಯ್ದು ತಂದ ಗಾಡಿ

ಕಪ್ಪು ಕೋಟಿನ ತೋಳು ಮಡಚಿಕೊಂಡು ರೊಸೇರ್ ತನ್ನ ಪಿಕಪ್ ಗಾಡಿಯಿಂದ ಆಲೂಗಡ್ಡೆ ಬುಟ್ಟಿಗಳನ್ನು ಚರ್ಚಿನ ಅಂಗಳಕ್ಕೆ ಇಳಿಸುತ್ತಿದ್ದ. ಅಂತ್ಯಕ್ರಿಯೆಯ ಪೂಜೆಗೆ ಇನ್ನೂ ಹೊತ್ತಿತ್ತು. ಅದು ಮುಗಿದ ಮೇಲೆ ಹೆಂಡತಿ ಲಿಯೋನಾಳ ಶವಪೆಟ್ಟಿಗೆ ಇದೇ ಗಾಡಿಯಲ್ಲಿ ಸ್ಮಶಾನಕ್ಕೆ ಹೋಗಬೇಕೆಂದು ಅವನು ಹಟ ಹಿಡಿದಿದ್ದ.

"ಏನಯ್ಯಾ ಇದು? ಅವಳನ್ನ ಈ ಮಣ್ಣು ಮೆತ್ತಿದ ಗಾಡೀಲಿ ಮಲಗಿಸ್ತೀಯಾ?" ಎನ್ನುತ್ತ ಗಿಲ್ಮನ್ ಬಂದ. ಅವನು ಟ್ರ್ಯಾಕ್ಟರ್ ರಿಪೇರಿಯವನು. ಯಾರಿಗಾದರೂ ಎದೆನೋವು ಬಂದರೆ ಊರಿನ ಆ್ಯಂಬುಲೆನ್ಸ್ ಓಡಿಸುವವನೂ ಅವನೇ. "ಆ್ಯಂಬುಲೆನ್ಸ್ ತೊಳೆದು ನಿಲ್ಸಿದೀನಿ. ಅದು ಅವಳ ಗಾಡಿ ಕಣೋ."

"ಬಿಲ್ಲು ಯಾರ ಹೆಸರಿಗೆ ಬರುತ್ತೆ?"

ಗಿಲ್ಮನ್‌ನ ಮುಖ ಕಪ್ಪಿಟ್ಟಿತು. "ಹಂಗೆಲ್ಲಾ ಮಾತಾಡ್ಬೇಡ. ನಮ್ಮನೆ ನಿಮ್ಮನೆಯಿಂದ ಎರಡು ಬೀದಿ. ಅವತ್ತು ಮನೇಲೇ ಇದ್ದೆ. ಒಂದು ಫೋನು ಮಾಡಿದ್ರೆ..."

"ಬೇಡ ಅಂದ್ಲು."

"ಅವಳು ಅಂತಾಳೆ. ನೀನು ಕೇಳಿಬಿಡೋದಾ?"

ರೊಸೇರ್ ಇನ್ನೊಂದು ಬುಟ್ಟಿ ಎತ್ತಿದ. ಲಿಯೋನಾ ಹೋದಾಗಿನಿಂದ ಇದೇ ಪ್ರಶ್ನೆಯನ್ನು ಅವನು ತನಗೆ ತಾನೇ ಕೇಳಿಕೊಳ್ಳುತ್ತಿದ್ದ.

*

ಆ ಆ್ಯಂಬುಲೆನ್ಸ್ ಊರಿಗೆ ಬಂದದ್ದು ಲಿಯೋನಾಳ ದೋಸೆಯಿಂದ. ಈ ಕಣಿವೆಯವರು ಅದನ್ನು ಪ್ಲೋಯ್ ಎನ್ನುತ್ತಾರೆ. ಮೈತುಂಬ ತೂತು, ಒಂದೇ ಮಗ್ಗುಲು ಬೇಯಿಸಬೇಕು, ಮಗುಚಿ ಹಾಕಿದವನು ಹೊರಗಿನವನೆಂದೇ ಲೆಕ್ಕ. ಬೇಸಿಗೆ ಎನ್ನದೆ ಚಳಿಗಾಲ ಎನ್ನದೆ ಪ್ರತಿ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಅವಳು ಕಾವಲಿಯ ಮುಂದೆ ನಿಲ್ಲುತ್ತಿದ್ದಳು. ಜನ ಹೊಟ್ಟೆ ಬಿರಿಯುವಂತೆ ತಿಂದು ಡಬ್ಬಿಗೆ ಕಾಸು ಹಾಕಿ ಹೋಗುತ್ತಿದ್ದರು. ಹಾಗೆ ಕೂಡಿಸಿದ ಕಾಸಿಗೆ ಬಿಳಿ ಗಾಡಿ ಬಂತು.

ಬಂದ ದಿನ ಊರಿಗೆ ಊರೇ ಅಂಗಳದಲ್ಲಿ ಸೇರಿತ್ತು. ಲಿಯೋನಾ ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ ಡ್ರೈವರ್ ಸೀಟಿಗೆ ಹತ್ತಿ ಸಿಕ್ಕಿದ ಗುಂಡಿಯನ್ನು ಒತ್ತಿಬಿಟ್ಟಳು. ಸೈರನ್ ಕೂಗಿತು. ಅದಕ್ಕೆ ಸರಿಯಾಗಿ ಊರಿನ ನಾಯಿಗಳೆಲ್ಲ ಒಟ್ಟಿಗೆ ಊಳಿಟ್ಟವು. ಮಧ್ಯಾಹ್ನದ ನಿದ್ದೆಯಲ್ಲಿದ್ದ ಪಾದ್ರಿ ಬರಿಗಾಲಲ್ಲಿ ಓಡಿಬಂದರು. ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಇಳಿಯೇ ಮಾರಾಯ್ತಿ!" ಎಂದು ರೊಸೇರ್ ಕೂಗಿದ್ದ. "ನೀನು ಹಿಂದುಗಡೆ ಮಲಗೋ ಹೊತ್ತಿಗೆ ಸೈರನ್ನೇ ಕೆಟ್ಟಿರುತ್ತೆ!"

ಆಮೇಲೆ ಕಾಗದದ ಕಾರ್ಖಾನೆ ಮುಚ್ಚಿತು. ರೊಸೇರ್‌ನ ಕೆಲಸದ ಜೊತೆಗೆ ಇಬ್ಬರ ವಿಮೆಯೂ ಹೋಯಿತು. ಗಾಡಿಯನ್ನು ಕೊಟ್ಟದ್ದು ಊರು, ಬಿಲ್ಲು ಕಳಿಸುವುದು ಪಟ್ಟಣದ ಯಾವುದೋ ಕಚೇರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಪಕ್ಕದ ಮನೆಯ ಮುದುಕ ಅದರಲ್ಲಿ ಒಮ್ಮೆ ಆಸ್ಪತ್ರೆಗೆ ಹೋಗಿ ಗುಣವಾಗಿ ಬಂದವನು, ಬಿಲ್ಲು ನೋಡಿ ಮತ್ತೆ ಹಾಸಿಗೆ ಹಿಡಿದ. ಅಲ್ಲಿಂದ ಮುಂದೆ ಜನ ಮುರಿದ ಕಾಲನ್ನೂ ಸ್ವಂತ ಕಾರಿನಲ್ಲೇ ಸಾಗಿಸತೊಡಗಿದರು.

*

ನೆಲಮಾಳಿಗೆಯಲ್ಲಿ ಒಡೆಟ್ ಕಾವಲಿಯ ಮುಂದಿದ್ದಳು. ಲಿಯೋನಾಳ ಜೀವದ ಗೆಳತಿ. ಕೈ ತೊಳೆಯಲು ಇಳಿದು ಬಂದ ರೊಸೇರ್‌ನನ್ನು ಕಂಡು ಬೆಣ್ಣೆ ಸವರಿದ ಪ್ಲೋಯ್ ಸುರುಳಿ ಸುತ್ತಿ ಅವನ ಮುಂದಿಟ್ಟಳು.

"ತಿನ್ನು. ಅವಳ ಕೈರುಚಿ ಬರಲ್ಲ, ಬೈಕೊಂಡೇ ತಿನ್ನು."

ಅವನು ತಿನ್ನಲಿಲ್ಲ. "ನಿಂಗೆ ಗೊತ್ತಿತ್ತಾ, ಒಡೆಟ್?"

ಅವಳು ಉರಿ ಸಣ್ಣ ಮಾಡಿದಳು. "ಗೊತ್ತಿತ್ತು. ಈಸ್ಟರ್ ಹೊತ್ತಿಂದ ಎದೆ ಹಿಂಡ್ತಿತ್ತಂತೆ. ಡಾಕ್ಟರ್ ಹತ್ರ ಹೋಗೇ ಅಂದೆ. ಬರೋ ಮಾರ್ಚ್‌ಗೆ ಅರವತ್ತೈದಾಗುತ್ತೆ, ಸರ್ಕಾರದ ವಿಮೆ ಸಿಗುತ್ತೆ, ಅಲ್ಲೀವರೆಗೂ ತಳ್ತೀನಿ ಅಂದ್ಲು. ನಾನೂ ಹೂಂ ಅಂದೆ. ನನ್ನ ಮೊಣಕಾಲೂ ಅದಕ್ಕೇ ಕಾಯ್ತಿದೆಯಲ್ಲ."

"ನಂಗೆ ಹೇಳ್ಲಿಲ್ಲ."

"ಹೇಳಿದ್ರೆ ನೀನು ಮನೆ ಮಾರ್ತಿದ್ದೆ."

ಅದು ನಿಜವಾಗಿತ್ತು. ರೊಸೇರ್ ಮುಖ ತಿರುಗಿಸಿಕೊಂಡ. ಒಡೆಟ್ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು ಇನ್ನೊಂದು ಸೌಟು ಹಿಟ್ಟು ಹುಯ್ದಳು.

"ಇಷ್ಟು ವರ್ಷ ದೋಸೆ ಹುಯ್ದು ತಂದ ಗಾಡಿ. ಒಂದ್ಸಲಾನೂ ಅದರಲ್ಲಿ ಹೋಗ್ಲಿಲ್ಲ ಅವಳು. ಇವತ್ತಾದ್ರೂ ಹೋಗ್ಲಿ, ರೊಸೇರ್."

*

ಆ ಬೆಳಿಗ್ಗೆ ಅಡುಗೆಮನೆಯಲ್ಲಿ ಕುರ್ಚಿ ಹಿಡಿದು ಕುಸಿದು ಕೂತ ಲಿಯೋನಾಳ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ರೊಸೇರ್ ಫೋನಿಗೆ ಕೈ ಹಾಕಿದರೆ ಅವನ ಮಣಿಕಟ್ಟು ಹಿಡಿದುಕೊಂಡಳು.

"ಗಿಲ್‌ನ ಕರೀಬೇಡ. ಜೀವ ಉಳಿದ್ರೂ ಮನೆ ಉಳಿಯಲ್ಲ. ನೀನೇ ಕರ್ಕೊಂಡು ಹೋಗು."

ಪಿಕಪ್‌ನಲ್ಲಿ ಕೂತ ಮೇಲೆ ಅವಳಿಗೆ ಹಾಯೆನಿಸಿದಂತಿತ್ತು. ರಸ್ತೆಯ ಎರಡೂ ಕಡೆ ಆಲೂಗಡ್ಡೆ ಅಗೆದು ಮುಗಿದ ಹೊಲಗಳು. ಅವರು ಚಿಕ್ಕವರಿದ್ದಾಗ ಕೊಯ್ಲಿಗೆಂದು ಶಾಲೆಗೇ ರಜೆ ಕೊಡುತ್ತಿದ್ದರು. ಮಕ್ಕಳು ಆಲೂಗಡ್ಡೆ ಆರಿಸಿ ಪೀಪಾಯಿ ತುಂಬಿಸಿ, ಕೂಲಿಗಾಗಿ ಅದರ ಮೇಲೆ ತಮ್ಮ ನಂಬರಿನ ಚೀಟಿ ಸಿಕ್ಕಿಸಬೇಕಿತ್ತು.

"ನೀನು ತುಂಬಿಸಿದ ಪೀಪಾಯಿಗೆ ನನ್ನ ಚೀಟಿ ಸಿಕ್ಕಿಸ್ತಿದ್ಯಲ್ಲ," ಎಂದಳು ಲಿಯೋನಾ. "ನಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ಯಾ?"

"ಗೊತ್ತಿದ್ದೂ ಸುಮ್ನಿದ್ಯಾ, ಕಳ್ಳಿ?"

"ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ."

ನಕ್ಕು ತಲೆಯನ್ನು ಕಿಟಕಿಗೆ ಆನಿಸಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಾತು ನಿಂತಿತು. ಅವಳಿಗೆ ಜೊಂಪು ಹತ್ತಿತೆಂದು ರೊಸೇರ್ ಅಂದುಕೊಂಡ. ರಸ್ತೆಯಲ್ಲಿ ಗುಂಡಿಗಳಿದ್ದವು. ಎಚ್ಚರವಾಗದಿರಲಿ ಎಂದು ಅವನು ಗಾಡಿಯನ್ನು ನಿಧಾನ ಮಾಡಿದ. ಆಸ್ಪತ್ರೆಯ ಬಾಗಿಲವರೆಗೂ ಹಾಗೆ ನಿಧಾನವಾಗಿಯೇ ಓಡಿಸಿದ.

*

ಪೂಜೆ ಮುಗಿಯಿತು. ಹೆಗಲು ಕೊಟ್ಟವರು ಶವಪೆಟ್ಟಿಗೆಯನ್ನು ಮೆಟ್ಟಿಲಿಳಿಸಿ, ಪಿಕಪ್ ಒಂದು ಕಡೆ, ಬಿಳಿ ಗಾಡಿ ಇನ್ನೊಂದು ಕಡೆ, ಯಾವ ಕಡೆಗೆಂದು ತಿಳಿಯದೆ ನಿಂತರು. ಎಲ್ಲರೂ ರೊಸೇರ್‌ನ ಮುಖ ನೋಡಿದರು. ಅವನು ಪಿಕಪ್‌ನ ಹತ್ತಿರ ಹೋಗಿ, ತೆರೆದಿಟ್ಟಿದ್ದ ಹಿಂಬಾಗಿಲನ್ನು ಎತ್ತಿ ಮುಚ್ಚಿದ.

ಆ್ಯಂಬುಲೆನ್ಸಿನ ಒಳಗೆ ಪೆಟ್ಟಿಗೆಯ ಪಕ್ಕದ ಕಿರುಬೆಂಚಿನಲ್ಲಿ ಅವನೊಬ್ಬನೇ ಕೂತ. ಮೆರವಣಿಗೆಗೆ ತಕ್ಕಂತೆ ಗಾಡಿ ಆಮೆಯ ಹಾಗೆ ಹೊರಟಿತು. ಅಂಗಳ ದಾಟುವ ಮೊದಲೇ ರೊಸೇರ್ ಮುಂದಿನ ಗಾಜನ್ನು ಬೆರಳ ಗೆಣ್ಣಿನಿಂದ ಬಡಿದ.

"ಗಿಲ್! ಜೋರಾಗಿ ಓಡ್ಸೋ."

"ಜೋರಾಗಾ? ಹಿಂದೆ ಜನ ನಡ್ಕೊಂಡು ಬರ್ತಿದಾರಲ್ಲೋ."

"ಬರ್ಲಿ ಬಿಡು. ನೀನು ಓಡ್ಸು. ಆ ಗುಂಡಿನೂ ಒತ್ತು."

ಗಿಲ್ಮನ್ ಕನ್ನಡಿಯಲ್ಲಿ ಅವನ ಮುಖ ನೋಡಿದ. ವೇಗ ಹೆಚ್ಚಿಸಿ ಗುಂಡಿ ಒತ್ತಿದ. ಸೈರನ್ ಕೂಗಿತು. ಮೊದಲು ಗಿರಣಿ ಬೀದಿಯ ನಾಯಿ, ಅದರ ಹಿಂದೆ ಶಾಲೆಯ ಹತ್ತಿರದ್ದು, ಆಮೇಲೆ ಹೊಳೆದಂಡೆಯವು, ಊರಿನ ನಾಯಿಗಳೆಲ್ಲ ಕತ್ತೆತ್ತಿ ಊಳಿಡತೊಡಗಿದವು. ಗಾಡಿ ಸ್ಮಶಾನದ ದಾರಿಯಲ್ಲಿ ಎಗರಿ ಎಗರಿ ಓಡುತ್ತಿತ್ತು. ಒಳಗೆ ರೊಸೇರ್ ಮೊಣಕಾಲೂರಿ, ಪೆಟ್ಟಿಗೆ ಅಲುಗದ ಹಾಗೆ ಎರಡೂ ಕೈಯಿಂದ ತಬ್ಬಿ ಹಿಡಿದಿದ್ದ.